ಬ್ಯಾಟರಿ ಬೇಕೋ ಬೇಡವೋ: ಆರ್‌ಎಫ್‌ಐಡಿ ಸೆನ್ಸರ್ ಟ್ಯಾಗ್ ಆರಿಸುವಾಗ ಹಾಕಬೇಕಾದ ಲೆಕ್ಕ

ಆರ್‌ಎಫ್‌ಐಡಿ ಟ್ಯಾಗ್ ಅಂದರೆ ರೀಡರ್ ಎಂಬ ಯಂತ್ರ ರೇಡಿಯೊ ತರಂಗ ಕಳಿಸಿ ದೂರದಿಂದಲೇ ಓದುವ, ಚಿಪ್ ಮತ್ತು ಆಂಟೆನಾ ಇರುವ ಪುಟ್ಟ ಚೀಟಿ. ಬ್ಯಾಟರಿ ಇಲ್ಲದ್ದು ಆ ತರಂಗದ ಶಕ್ತಿಯಲ್ಲೇ ನಡೆಯುತ್ತದೆ. ಬ್ಯಾಟರಿ ನೆರವಿನ ಆರ್‌ಎಫ್‌ಐಡಿ ಟ್ಯಾಗ್ ಅಂದರೆ ಹೆಚ್ಚು ದೂರದಿಂದ ಓದಿಸಿಕೊಳ್ಳುವ ಟ್ಯಾಗ್ ಎಂದೇ ಬಹುಪಾಲು ಮಂದಿ ತಿಳಿದಿದ್ದಾರೆ. ದೂರ ಹೆಚ್ಚುವುದು ನಿಜ. ಆದರೆ ಟ್ಯಾಗಿಗೆ ಬ್ಯಾಟರಿ ಹಾಕಲು ಅದೊಂದೇ ಕಾರಣವಾದರೆ ಆಯ್ಕೆ ಎಡವುತ್ತದೆ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಕಾಲದ್ದು: ರೀಡರ್ ಎದುರಿಗಿಲ್ಲದ ಹೊತ್ತಿನಲ್ಲೂ ಟ್ಯಾಗ್ ಅಳೆದು ನೆನಪಿಡಬೇಕೇ? ಹೌದಾದರೆ ಬ್ಯಾಟರಿ ಬೇಕೇ ಬೇಕು. ರೀಡರ್ ಕೇಳಿದಾಗ ಅಳೆದು ಹೇಳಿದರೆ ಸಾಕು ಅನ್ನುವಂತಿದ್ದರೆ, ಬ್ಯಾಟರಿ ಇಲ್ಲದೆ ಕೆಲಸ ನಡೆಯುತ್ತದೋ ಎಂದು ಮೊದಲು ನೋಡಬೇಕು. ಬಹಳಷ್ಟು ಸಲ ನಡೆಯುತ್ತದೆ.

ವಿದ್ಯುತ್ ಪ್ಯಾನೆಲ್ಲಿನ ಒಳಗೆ ಬಸ್‌ಬಾರ್ (ವಿದ್ಯುತ್ ಹರಿಯುವ ದಪ್ಪ ಲೋಹದ ಪಟ್ಟಿ) ಕೀಲುಗಳ ಬಿಸಿ ನೋಡಬೇಕಿದೆ ಎನ್ನಿ. ರೀಡರ್ ಆಂಟೆನಾ ಅದೇ ಪೆಟ್ಟಿಗೆಯಲ್ಲಿ ಸದಾ ಇರುತ್ತದೆ, ಟ್ಯಾಗ್ ಒಂದೆರಡು ಮೀಟರ್ ದೂರ. ಬ್ಯಾಟರಿ ಬದಲಿಸಬೇಕೆಂದರೆ ಇಡೀ ಪ್ಯಾನೆಲ್ ಬಂದ್ ಮಾಡಬೇಕು. ಇಲ್ಲಿ ಬ್ಯಾಟರಿರಹಿತ ಟ್ಯಾಗೇ ಸರಿ. ಲಸಿಕೆಯ ಪೆಟ್ಟಿಗೆಯ ಕತೆ ಬೇರೆ. ಗೋದಾಮು ಬಿಡುವಾಗ ಒಮ್ಮೆ, ತಲುಪಿದಾಗ ಒಮ್ಮೆ ಅದು ರೀಡರ್ ಕಾಣುತ್ತದೆ. ನಡುವೆ ಲಾರಿಯಲ್ಲಿ ಬಿಸಿ ಎಷ್ಟಕ್ಕೇರಿತು ಎಂಬುದೇ ಬೇಕಾದ ಮಾಹಿತಿ. ಚಿಪ್ ಎಷ್ಟೇ ಒಳ್ಳೆಯದಿರಲಿ, ಶಕ್ತಿಯಿಲ್ಲದ ಹೊತ್ತಿನಲ್ಲಿ ಅದು ಏನನ್ನೂ ಅಳೆಯಲಾರದು.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸಿಬಿಡೋಣ. ಬ್ಯಾಟರಿ ನೆರವಿನ ಟ್ಯಾಗ್‌ನಲ್ಲಿ ಟ್ರಾನ್ಸ್‌ಮಿಟರ್ ಇಲ್ಲ. ಬ್ಯಾಟರಿ ಇಲ್ಲದ ಟ್ಯಾಗಿನಂತೆ ಇದೂ ರೀಡರ್ ಕಳಿಸಿದ ತರಂಗವನ್ನೇ ಪ್ರತಿಫಲಿಸಿ ಉತ್ತರಿಸುತ್ತದೆ. ಕನ್ನಡಿ ಅಲುಗಿಸಿ ಬಿಸಿಲನ್ನು ಮಿನುಗಿಸಿ ದೂರದವರಿಗೆ ಸನ್ನೆ ಮಾಡಿದ ಹಾಗೆ. ಬ್ಯಾಟರಿಯ ಕೆಲಸ ಚಿಪ್ಪಿನ ತರ್ಕವನ್ನೂ ಸೆನ್ಸರನ್ನೂ ಎಚ್ಚರವಾಗಿಡುವುದು, ಅಷ್ಟೇ. ತಾನೇ ಪ್ರಸಾರ ಮಾಡುವ ಸಕ್ರಿಯ ಟ್ಯಾಗುಗಳದು ಬೇರೆಯೇ ಜಾತಿ.

ಪ್ರತಿಫಲನದಿಂದ ಮಾಹಿತಿ ಕಳಿಸುವ ವಿದ್ಯೆ ಹಳೆಯದು. 1945ರಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಉಡುಗೊರೆಯಾಗಿ ಬಂದ ಮರದ ಲಾಂಛನದೊಳಗೆ ಲಿಯೊನ್ ಥೆರೆಮಿನ್ ರೂಪಿಸಿದ ಕದ್ದಾಲಿಕೆ ಸಾಧನವಿತ್ತು. ಅದರಲ್ಲಿ ಬ್ಯಾಟರಿಯೂ ಇರಲಿಲ್ಲ, ತಂತಿಯೂ ಇರಲಿಲ್ಲ. ಮಾತಿನ ಸದ್ದಿಗೆ ತೆಳುಪೊರೆ ಕಂಪಿಸುತ್ತಿತ್ತು, ಪೊರೆ ಕಂಪಿಸಿದಾಗ ಆಂಟೆನಾದ ಹೊರೆ ಬದಲಾಗುತ್ತಿತ್ತು, ಹೊರಗಿನಿಂದ ಹಾಯಿಸಿದ ತರಂಗ ಅದಕ್ಕೆ ತಕ್ಕಂತೆ ಮಾರ್ಪಟ್ಟು ಮರಳುತ್ತಿತ್ತು. 1952ರವರೆಗೂ ಅದು ಪತ್ತೆಯಾಗಲಿಲ್ಲ. ಪ್ರತಿಫಲಿತ ಶಕ್ತಿಯಿಂದ ಸಂವಹನ ನಡೆಸುವ ಬಗ್ಗೆ ಹ್ಯಾರಿ ಸ್ಟಾಕ್‌ಮನ್ ಪ್ರಬಂಧ ಪ್ರಕಟಿಸಿದ್ದು 1948ರಲ್ಲಿ. ಇಂದಿನ ತೇವಾಂಶದ ಟ್ಯಾಗುಗಳು ಬಳಸುವುದೂ ಮೂಲತಃ ಇದೇ ಉಪಾಯ.

ಹೋಗುವ ದಾರಿ, ಬರುವ ದಾರಿ

ದೂರದ ವಿಷಯ ಮಾತಿನಲ್ಲಿ ತೀರುವುದಿಲ್ಲ, ಡಿಬಿ ಲೆಕ್ಕ ಹಾಕಲೇಬೇಕು. ಡಿಬಿ ಅಂದರೆ ಶಕ್ತಿ ಎಷ್ಟು ಪಟ್ಟು ಏರಿತು ಅಥವಾ ಇಳಿಯಿತು ಎಂಬ ಅಳತೆ, 10 ಡಿಬಿ ಅಂದರೆ ಹತ್ತು ಪಟ್ಟು. ಡಿಬಿಎಂ ಅಂದರೆ 1 ಮಿಲಿವಾಟಿಗೆ ಹೋಲಿಸಿ ಹೇಳಿದ ಶಕ್ತಿ. 915 ಮೆಗಾಹರ್ಟ್ಸ್‌ನಲ್ಲಿ, ತೆರೆದ ಜಾಗದಲ್ಲಿ, ಮೊದಲ 1 ಮೀಟರಿನಲ್ಲೇ 31.7 ಡಿಬಿ ನಷ್ಟ. ಅಲ್ಲಿಂದ ದೂರ ಹತ್ತು ಪಟ್ಟಾದಾಗಲೆಲ್ಲ ಇನ್ನೂ 20 ಡಿಬಿ. ರೀಡರ್ 1 ವಾಟ್, ಅಂದರೆ 30 ಡಿಬಿಎಂ ಕೊಡುತ್ತದೆ. ಅದರ ಆಂಟೆನಾದ ಗೇನ್ (ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವುದರಿಂದ ಸಿಗುವ ಲಾಭ) 6 ಡಿಬಿ, ಟ್ಯಾಗ್ ಆಂಟೆನಾದ್ದು 2. ರೀಡರ್ ಆಂಟೆನಾ ವೃತ್ತೀಯ ಧ್ರುವೀಕರಣದ್ದು (ಅದರ ತರಂಗ ಸುತ್ತುತ್ತಾ ಕಂಪಿಸುತ್ತದೆ), ಟ್ಯಾಗಿನದು ರೇಖೀಯ (ಒಂದೇ ಗೆರೆಯ ಕಂಪನವನ್ನು ಹಿಡಿಯುತ್ತದೆ). ಹಾಗಾಗಿ 3 ಡಿಬಿ ಹೋಗುತ್ತದೆ. 10 ಮೀಟರಿನಲ್ಲಿ ಚಿಪ್ಪಿಗೆ ಸಿಗುವುದು 36 − 51.7 + 2 − 3, ಅಂದರೆ −16.7 ಡಿಬಿಎಂ. ಮೈಕ್ರೋವಾಟಿನಲ್ಲಿ ಹೇಳುವುದಾದರೆ ಬರೀ 21.

ಗುರುತಿನ ಸಂಖ್ಯೆ ಮಾತ್ರ ಹೇಳುವ ಇಂದಿನ ಒಳ್ಳೆಯ ಚಿಪ್ −22 ಡಿಬಿಎಂಗೂ ಎಚ್ಚರವಾಗುತ್ತದೆ. ಈ ಲೆಕ್ಕದಲ್ಲಿ ಅದು 18 ಮೀಟರ್ ಮುಟ್ಟುತ್ತದೆ. ಸೆನ್ಸರ್ ಇರುವ ಬ್ಯಾಟರಿರಹಿತ ಚಿಪ್ಪಿಗೆ −16 ಬೇಕೆಂದರೆ ದೂರ 9 ಮೀಟರಿಗೆ ಇಳಿಯುತ್ತದೆ. ಇಎಂ4325 ಎಂಬ ಚಿಪ್ಪನ್ನು ನೋಡಿ, ಬ್ಯಾಟರಿ ಮಾಡುವ ವ್ಯತ್ಯಾಸ ಎದ್ದು ಕಾಣುತ್ತದೆ. ಬ್ಯಾಟರಿ ಇಲ್ಲದಿದ್ದರೆ ಅದಕ್ಕೆ ಸುಮಾರು −8 ಡಿಬಿಎಂ ಬೇಕು, ಇದ್ದರೆ −31 ಸಾಕು. ಮೊದಲನೆಯದು ಮೂರೂವರೆ ಮೀಟರ್ ಚಿಲ್ಲರೆ, ಎರಡನೆಯದು ಕಾಗದದ ಮೇಲೆ 52 ಮೀಟರ್.

ಆ 52 ಮೀಟರ್ ಕೈಗೆ ಸಿಗುವುದಿಲ್ಲ. ಮರಳುವ ದಾರಿಯ ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 10 ಮೀಟರಿನಲ್ಲಿ −16.7 ಪಡೆದ ಟ್ಯಾಗ್ ಮಾಡ್ಯುಲೇಶನ್‌ನಲ್ಲಿ (ತರಂಗಕ್ಕೆ ಮಾಹಿತಿ ಸೇರಿಸುವಾಗ) ಸುಮಾರು 6 ಡಿಬಿ ಕಳೆದು ಪ್ರತಿಫಲಿಸುತ್ತದೆ. ಅದೇ 51.7 ನಷ್ಟ, ಅದೇ 3, ಎರಡು ಆಂಟೆನಾಗಳ ಗೇನ್ ಸೇರಿಸಿ ಕಳೆದರೆ ರೀಡರಿಗೆ ಮುಟ್ಟುವುದು −69.4 ಡಿಬಿಎಂ. ಹೋಗಿ ಬರುವ ಎರಡೂ ದಾರಿ ಸೇರುವುದರಿಂದ ದೂರ ಹತ್ತು ಪಟ್ಟಾದರೆ ಇಲ್ಲಿ 40 ಡಿಬಿ ಕುಸಿಯುತ್ತದೆ. ರೀಡರಿನ ಸೂಕ್ಷ್ಮತೆ −84 ಆಗಿದ್ದರೆ 23 ಮೀಟರಿಗೇ ಮುಗಿಯಿತು. −92ರ ರೀಡರ್ ತಂದರೆ 37 ಮೀಟರ್. ಬ್ಯಾಟರಿರಹಿತ ಟ್ಯಾಗಿನಲ್ಲಿ ಮಿತಿ ಇರುವುದು ಹೋಗುವ ದಾರಿಯಲ್ಲಿ, ಬ್ಯಾಟರಿ ನೆರವಿನದರಲ್ಲಿ ಬರುವ ದಾರಿಯಲ್ಲಿ. ಹಾಗಾಗಿ ಬ್ಯಾಟರಿ ಟ್ಯಾಗ್ ಕೊಂಡವರು ರೀಡರಿಗೂ ಅಷ್ಟೇ ಗಮನ ಕೊಡಬೇಕು. ರೀಡರ್ ತನ್ನದೇ 1 ವಾಟ್ ಕ್ಯಾರಿಯರ್ (ಮೂಲ ತರಂಗ) ಸುರಿಯುತ್ತಲೇ ಈ ಕ್ಷೀಣ ಸದ್ದನ್ನು ಕೇಳಬೇಕು. ಆಂಟೆನಾ ಹೊಂದಾಣಿಕೆ ಕೆಟ್ಟಿದ್ದರೆ, ಕನೆಕ್ಟರಿಗೆ ನೀರು ಇಳಿದಿದ್ದರೆ, ಆಂಟೆನಾದ ಮುಂದೆ ಒಂದಡಿಯೊಳಗೆ ಲೋಹದ ಕಂಬವಿದ್ದರೆ ಕ್ಯಾರಿಯರ್ ಹಿಂದಿರುಗಿ ಬಂದು ರೀಡರಿನ ಕಿವಿ ಮಂದವಾಗುತ್ತದೆ. ಬ್ಯಾಟರಿರಹಿತ ಟ್ಯಾಗುಗಳಲ್ಲಿ ಈ ದೋಷ ಕಾಣದೆಯೂ ಹೋಗಬಹುದು, ಏಕೆಂದರೆ ಅಲ್ಲಿ ಬರುವ ದಾರಿಯಲ್ಲಿ ಸಾಕಷ್ಟು ಉಳಿತಾಯ ಇರುತ್ತದೆ.

ಹಾಗಿದ್ದರೆ ಬ್ಯಾಟರಿ ಕೊಡುವ 15–20 ಡಿಬಿ ವ್ಯರ್ಥವೇ? ಖಂಡಿತ ಅಲ್ಲ. ಅದರ ನಿಜವಾದ ಬೆಲೆ ತಿಳಿಯುವುದು ಸತ್ತ ಜಾಗಗಳಲ್ಲಿ. ಈ ಆವರ್ತನದಲ್ಲಿ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. ನೆಲ, ಗೋಡೆ, ಕಪಾಟುಗಳಿಂದ ಪುಟಿದ ತರಂಗಗಳು ಸೇರಿ ಒಂದನ್ನೊಂದು ಅಳಿಸಿಹಾಕುವ ಜಾಗಗಳು ಗೇಣುದೂರಕ್ಕೊಂದರಂತೆ ಬರುತ್ತವೆ. ಅಲ್ಲಿ ಶಕ್ತಿ 15 ಡಿಬಿ ಇಳಿದರೆ ಬ್ಯಾಟರಿರಹಿತ ಟ್ಯಾಗ್ 4 ಮೀಟರಿನಲ್ಲೂ ಸಾಯುತ್ತದೆ, ಬ್ಯಾಟರಿಯದ್ದು ಉತ್ತರಿಸುತ್ತಲೇ ಇರುತ್ತದೆ. ಟ್ಯಾಗ್ ಚಲಿಸುತ್ತಿದ್ದರೆ ಈ ಸಮಸ್ಯೆ ತಾನಾಗಿಯೇ ತೀರುತ್ತದೆ. ಅಲುಗದ ಟ್ಯಾಗ್ ಆದರೆ ಎರಡನೆಯ ಆಂಟೆನಾವನ್ನು ಬೇರೆ ಎತ್ತರದಲ್ಲಿ, ಬೇರೆ ಕೋನದಲ್ಲಿ ಹಾಕುವುದು ಎಷ್ಟೋ ಸಲ ಬ್ಯಾಟರಿಗಿಂತ ಅಗ್ಗದ ಪರಿಹಾರ.

ಬ್ಯಾಟರಿ ಇಲ್ಲದೆ ಅಳೆಯುವುದು

ದಾರಿಗಳು ಮೂರು. ಆಂಟೆನಾವನ್ನೇ ಸೆನ್ಸರ್ ಮಾಡುವುದು ಒಂದು. ಆಂಟೆನಾದ ಮೇಲೆ ನೀರು ಬಿದ್ದರೆ, ಅದರ ಬಳಿಯ ಹೀರು ಕಾಗದ ಒದ್ದೆಯಾದರೆ ಅದರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಸರಿಯುತ್ತದೆ. ಮ್ಯಾಗ್ನಸ್ ಕುಟುಂಬದ ಚಿಪ್ಪುಗಳು ಹೊಂದಾಣಿಕೆ ಉಳಿಸಿಕೊಳ್ಳಲು ಒಳಗಿನ ಕೆಪಾಸಿಟರುಗಳನ್ನು ತಾವೇ ಬದಲಿಸಿಕೊಳ್ಳುತ್ತವೆ, ಎಷ್ಟು ಬದಲಿಸಿಕೊಂಡೆವು ಎಂಬುದನ್ನು ಒಂದು ಸಂಖ್ಯೆಯಾಗಿ ಹೇಳುತ್ತವೆ. ಎಸ್2ನಲ್ಲಿ ಅದು 0ರಿಂದ 31, ಎಸ್3ಯಲ್ಲಿ 0ರಿಂದ 511. ಕಾರು ಜೋಡಣೆಯ ಸಾಲಿನಲ್ಲಿ ಸೀಲುಗಳ ಮೂಲಕ ನೀರು ಒಳಗಿಳಿದಿದೆಯೇ ಎಂದು ಪತ್ತೆಹಚ್ಚಲು ಇಂಥ ಟ್ಯಾಗುಗಳು ಬಳಕೆಯಲ್ಲಿವೆ. ಒದ್ದೆಯೋ ಒಣಗಿದೆಯೋ ಎಂಬ ಪ್ರಶ್ನೆಗೆ ಇದಕ್ಕಿಂತ ಸೊಗಸಾದ ಉತ್ತರ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ತೇವ ಶೇಕಡಾ ಎಷ್ಟು ಎಂದು ಕೇಳಬಾರದು. ಟ್ಯಾಗ್ ಅಂಟಿಸಿದ ಮೇಲ್ಮೈ, ಹತ್ತಿರದ ಲೋಹ, ರೀಡರ್ ಆ ಗಳಿಗೆಯಲ್ಲಿ ಬಳಸಿದ ಚಾನೆಲ್ (ಆವರ್ತನದ ತುಣುಕು), ಇವೆಲ್ಲವೂ ಆ ಸಂಖ್ಯೆಯನ್ನು ಅಲುಗಿಸುತ್ತವೆ. ರೀಡರ್ ಚಾನೆಲ್ ಬದಲಿಸುತ್ತಲೇ ಇರುವುದರಿಂದ ಓದುಗಳನ್ನು ಚಾನೆಲ್ಲಿಗೊಂದು ಗುಂಪು ಮಾಡಿ, ಒಣ ಸ್ಥಿತಿಯಲ್ಲಿ ಆಯಾ ಟ್ಯಾಗಿನ ಮೂಲ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದರಿಂದ ಎಷ್ಟು ಸರಿದಿದೆ ಎಂಬುದನ್ನು ಮಾತ್ರ ನೋಡಬೇಕು. ಎಲ್ಲ ಟ್ಯಾಗಿಗೂ ಒಂದೇ ಗೆರೆ ಎಳೆದರೆ ಸುಳ್ಳು ಎಚ್ಚರಿಕೆಗಳು ಬರುತ್ತವೆ.

ಎರಡನೆಯದು ಚಿಪ್ಪಿನೊಳಗಿನ ಉಷ್ಣ ಸೆನ್ಸರ್. ಇದನ್ನು ಓದಲು ಬರೀ ಇನ್ವೆಂಟರಿ (ಟ್ಯಾಗುಗಳ ಗುರುತಿನ ಸಂಖ್ಯೆ ಕೇಳುವ ಸುತ್ತು) ಸಾಲದು. ಮೊದಲು ಸೆಲೆಕ್ಟ್ ಆಜ್ಞೆಯಿಂದ ಅಳತೆ ಆರಂಭಿಸಿ, ಕೆಲವು ಮಿಲಿಸೆಕೆಂಡು ಕ್ಯಾರಿಯರ್ ನಿಲ್ಲಿಸದೆ ಕಾದು, ಆಮೇಲೆ ಕ್ವೆರಿ (ಉತ್ತರ ಕೇಳುವ ಆಜ್ಞೆ) ಕಳಿಸಿ, ಮೆಮೊರಿಯಿಂದ ಕೋಡ್ ಓದಬೇಕು. ರೀಡರಿನ ಸಾಫ್ಟ್‌ವೇರ್ ಈ ಬಿಡುವು ಕೊಡಲು ಬಿಡುತ್ತದೆಯೇ ಎಂದು ಖರೀದಿಗೆ ಮುಂಚೆಯೇ ನೋಡಿ. ಅದು ಕೊಡದಿದ್ದರೆ ಟ್ಯಾಗ್ ಚೆನ್ನಾಗಿ ಕಾಣುತ್ತದೆ, ಉಷ್ಣತೆ ಮಾತ್ರ ಸೊನ್ನೆ ಅಥವಾ ಅಸಂಬದ್ಧವಾಗಿ ಬರುತ್ತದೆ. ಸಿಕ್ಕ ಕೋಡನ್ನು ಡಿಗ್ರಿಗೆ ತಿರುಗಿಸಲು ಆ ಟ್ಯಾಗಿನದೇ ಕ್ಯಾಲಿಬ್ರೇಶನ್ ದತ್ತಾಂಶ ಬೇಕು. ಅದು ಟ್ಯಾಗಿನ ಯೂಸರ್ ಮೆಮೊರಿಯಲ್ಲೇ ಇರುತ್ತದೆ. ಅದರ ಮೇಲೆ ನಿಮ್ಮ ಸರಕಿನ ಸಂಖ್ಯೆ ಬರೆದುಬಿಟ್ಟರೆ ಸೆನ್ಸರ್ ಕುರುಡಾಗುತ್ತದೆ, ಆದ್ದರಿಂದ ಮೊದಲೇ ಆ ಭಾಗವನ್ನು ಲಾಕ್ ಮಾಡಿ.

ಶಕ್ತಿಯ ಮಟ್ಟವೂ ಉಷ್ಣತೆಯ ಓದನ್ನು ಕೆಡಿಸುತ್ತದೆ. ಸಿಗ್ನಲ್ ತೀರಾ ಕಡಿಮೆಯಾದರೆ ಒಳಗಿನ ವೋಲ್ಟೇಜ್ ಸ್ಥಿರವಾಗಿ ನಿಲ್ಲದೆ ಓದು ಹಾರಾಡುತ್ತದೆ. ತೀರಾ ಹೆಚ್ಚಾದರೆ ಮಿಕ್ಕ ಶಕ್ತಿಯನ್ನು ಚಿಪ್ ಬಿಸಿಯಾಗಿ ಕಳೆಯಬೇಕಾಗುತ್ತದೆ, ಓದು ನಿಜಕ್ಕಿಂತ ಮೇಲೇರುತ್ತದೆ. ಚಿಪ್ ತನಗೆಷ್ಟು ಶಕ್ತಿ ಬರುತ್ತಿದೆ ಎಂದು ತಾನೇ ಹೇಳಬಲ್ಲದಾದರೆ ಆ ಸಂಖ್ಯೆ ನೋಡಿಕೊಂಡು ರೀಡರಿನ ಶಕ್ತಿಯನ್ನು 1 ಡಿಬಿಯಂತೆ ಏರಿಳಿಸಿ ನಡುಮಟ್ಟಕ್ಕೆ ತನ್ನಿ. ಆ ಮಟ್ಟದಲ್ಲಿ ಬಂದ ಐದಾರು ಓದುಗಳ ಮಧ್ಯಾಂಕ ತೆಗೆದುಕೊಳ್ಳಿ. ಸರಾಸರಿ ಬೇಡ, ಒಂದು ಕೆಟ್ಟ ಓದು ಇಡೀ ಸರಾಸರಿಯನ್ನು ಎಳೆದುಬಿಡುತ್ತದೆ.

ಮೂರನೆಯ ದಾರಿಯಲ್ಲಿ ಪುಟ್ಟ ಮೈಕ್ರೋಕಂಟ್ರೋಲರನ್ನೇ ತರಂಗದ ಶಕ್ತಿಯಲ್ಲಿ ನಡೆಸುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್ ಸಂಶೋಧನಾ ಕೇಂದ್ರ ಸೇರಿ ಬೆಳೆಸಿದ ವಿಸ್ಪ್ ಇದರ ಮಾದರಿ, ಅದರ ಹೃದಯ ಎಂಎಸ್‌ಪಿ430 ಮೈಕ್ರೋಕಂಟ್ರೋಲರ್. ಬೇಕಾದ ಸೆನ್ಸರ್ ಜೋಡಿಸಬಹುದು ಎಂಬುದು ಇದರ ಆಕರ್ಷಣೆ. ಇಲ್ಲಿ ಎಲ್ಲವೂ ನಿಂತಿರುವುದು ಕೆಪಾಸಿಟರಿನ ಲೆಕ್ಕದ ಮೇಲೆ.

100 ಮೈಕ್ರೋಫ್ಯಾರಡ್ ಕೆಪಾಸಿಟರ್ 2.4 ವೋಲ್ಟಿನಿಂದ 1.8ಕ್ಕೆ ಇಳಿಯುವಾಗ ಕೊಡುವುದು 126 ಮೈಕ್ರೋಜೂಲ್. 2 ವೋಲ್ಟಿನಲ್ಲಿ 1 ಮಿಲಿಆಂಪಿಯರನ್ನು 10 ಮಿಲಿಸೆಕೆಂಡು ಎಳೆಯುವ ಸೆನ್ಸರಿಗೆ ಬೇಕಾದದ್ದು 20 ಮೈಕ್ರೋಜೂಲ್. ಧಾರಾಳವಾಗಿ ಸಾಕು. ತುಂಬಲು ಎಷ್ಟು ಹೊತ್ತು? 3 ಮೀಟರಿನಲ್ಲಿ ಸಿಗುವುದು 240 ಮೈಕ್ರೋವಾಟ್, ರೆಕ್ಟಿಫೈಯರ್ (ತರಂಗವನ್ನು ನೇರ ವಿದ್ಯುತ್ತಾಗಿಸುವ ಭಾಗ) ಶೇ. 30 ಉಳಿಸಿದರೆ 72. ಖಾಲಿಯಿಂದ 2.4 ವೋಲ್ಟಿಗೆ 288 ಮೈಕ್ರೋಜೂಲ್ ಬೇಕು, 4 ಸೆಕೆಂಡಿನಲ್ಲಿ ತುಂಬುತ್ತದೆ. 10 ಮೀಟರಿನಲ್ಲಿ ಸಿಗುವುದೇ 21. ಕಡಿಮೆ ಶಕ್ತಿಯಲ್ಲಿ ಡಯೋಡುಗಳ ದಕ್ಷತೆಯೂ ಕುಸಿಯುವುದರಿಂದ ಉಳಿಯುವುದು 5 ಎನ್ನಿ, ಹತ್ತಿರ ಹತ್ತಿರ ಒಂದು ನಿಮಿಷ ಬೇಕು.

ಅದೂ ಸೋರಿಕೆ ಇಲ್ಲದಿದ್ದರೆ. ಟ್ಯಾಂಟಲಮ್ ಕೆಪಾಸಿಟರಿನ ಡೇಟಾಶೀಟ್ ಸಾಮಾನ್ಯವಾಗಿ ಒಪ್ಪುವ ಗರಿಷ್ಠ ಸೋರಿಕೆ ಧಾರಕತೆ ಮತ್ತು ವೋಲ್ಟೇಜುಗಳ ಗುಣಲಬ್ಧದ ನೂರನೆಯ ಒಂದು ಪಾಲು. 100 ಮೈಕ್ರೋಫ್ಯಾರಡ್, 6.3 ವೋಲ್ಟಿನದಾದರೆ 6.3 ಮೈಕ್ರೋಆಂಪಿಯರ್, 2.4 ವೋಲ್ಟಿನಲ್ಲಿ ಅದು 15 ಮೈಕ್ರೋವಾಟ್. ಬರುವುದು 5, ಸೋರುವುದು 15 ಆದರೆ ಕೆಪಾಸಿಟರ್ ಯಾವತ್ತೂ ತುಂಬುವುದಿಲ್ಲ. ಮೇಜಿನ ಮೇಲೆ ಸರಾಗವಾಗಿ ನಡೆದ ಸರ್ಕ್ಯೂಟ್ ದೂರಕ್ಕೆ ಒಯ್ದೊಡನೆ ಮೂಕವಾಗುವುದಕ್ಕೆ ಇದೊಂದು ದೊಡ್ಡ ಕಾರಣ. ಸೂಪರ್‌ಕೆಪಾಸಿಟರ್ ಹಾಕಿದರೆ ಪಾಡು ಇನ್ನೂ ಕೆಟ್ಟದ್ದು. ಸೆರಾಮಿಕ್ ಒಳ್ಳೆಯದು, ಆದರೆ ಪುಟ್ಟ ಗಾತ್ರದ ಎಕ್ಸ್5ಆರ್ ಸೆರಾಮಿಕ್ಕಿನ ಮೇಲೆ ವೋಲ್ಟೇಜ್ ಬಿದ್ದಾಗ ಅದರ ಧಾರಕತೆ ಅರ್ಧಕ್ಕೂ ಇಳಿಯಬಹುದು. ಮೇಲೆ ಬರೆದ 100ನ್ನು ನಂಬದೆ, ಕೆಲಸ ಮಾಡುವ ವೋಲ್ಟೇಜಿನಲ್ಲಿ ಎಷ್ಟಿದೆ ಎಂದು ತಯಾರಕರ ಗ್ರಾಫಿನಲ್ಲಿ ನೋಡಿ.

ನಿಯಮಗಳ ಕಡೆಯಿಂದಲೂ ತೊಡಕುಂಟು. ಅಮೆರಿಕದಲ್ಲಿ ರೀಡರ್ ಒಂದು ಚಾನೆಲ್ಲಿನಲ್ಲಿ 0.4 ಸೆಕೆಂಡಿಗಿಂತ ಹೆಚ್ಚು ಒಮ್ಮೆಲೇ ನಿಲ್ಲುವಂತಿಲ್ಲ. ಯುರೋಪಿನಲ್ಲಿ 4 ಸೆಕೆಂಡು ಪ್ರಸಾರ ಮಾಡಿದ ಮೇಲೆ 100 ಮಿಲಿಸೆಕೆಂಡು ಸುಮ್ಮನಿರಬೇಕು. ಕೆಪಾಸಿಟರ್ ಇರುವ ಟ್ಯಾಗಿಗೆ ಈ ಬಿಡುವು ಲೆಕ್ಕಕ್ಕಿಲ್ಲ. ಇಲ್ಲದ ಟ್ಯಾಗ್ ಅಳತೆಯ ನಡುವೆಯೇ ಸತ್ತು ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ರೀಡರ್ ಹೊಂದಿಸುವಾಗ ಸೆಷನ್ (ಒಮ್ಮೆ ಉತ್ತರಿಸಿದ್ದನ್ನು ಟ್ಯಾಗ್ ಎಷ್ಟು ಹೊತ್ತು ನೆನಪಿಡಬೇಕು ಎಂಬ ಹೊಂದಿಕೆ) ಆಯ್ಕೆಯಲ್ಲಿ ಎಡವುವವರು ಬಹಳ. ಸರಕು ಎಣಿಸಲು ಇಟ್ಟ ಸೆಷನ್ 2ರಲ್ಲೇ ಸೆನ್ಸರ್ ಓದಲು ಹೋದರೆ ಟ್ಯಾಗ್ ಒಮ್ಮೆ ಉತ್ತರಿಸಿ, ಶಕ್ತಿ ಸಿಗುತ್ತಿರುವಷ್ಟು ಹೊತ್ತೂ ಸುಮ್ಮನಿರುತ್ತದೆ. ಬ್ಯಾಟರಿ ನೆರವಿನ ಟ್ಯಾಗಿನಲ್ಲಿ ಈ ಮೌನ ಇನ್ನೂ ದೀರ್ಘವಾಗಬಹುದು. ಸೆನ್ಸರಿಗೆ ಸೆಷನ್ 0 ಇರಲಿ, ಪ್ರತಿ ಸುತ್ತಿಗೂ ಮೊದಲು ಸೆಲೆಕ್ಟ್ ಕಳಿಸಿ ಫ್ಲ್ಯಾಗನ್ನು (ಉತ್ತರಿಸಿದ್ದಾಯಿತೇ ಎಂಬ ಗುರುತನ್ನು) ಎ ಸ್ಥಿತಿಗೆ, ಅಂದರೆ ಇನ್ನೂ ಉತ್ತರಿಸಿಲ್ಲ ಎಂಬಲ್ಲಿಗೆ ತನ್ನಿ. ದೂರದ ಟ್ಯಾಗುಗಳಿಗೆ ಮಿಲ್ಲರ್ 4 ಅಥವಾ 8 ಎನ್‌ಕೋಡಿಂಗ್ (ಟ್ಯಾಗ್ ತನ್ನ ಉತ್ತರವನ್ನು ಸಂಕೇತವಾಗಿಸುವ ವಿಧಾನ) ಬಳಸಿ. ವೇಗ ತಗ್ಗುತ್ತದೆ, ಓದು ಗಟ್ಟಿಯಾಗುತ್ತದೆ.

ಬ್ಯಾಟರಿ ಹಾಕಿದ ಮೇಲೆ

ಬ್ಯಾಟರಿ ಎಷ್ಟು ಕಾಲ ಬರುತ್ತದೆ ಎಂದು ಲೆಕ್ಕ ಹಾಕುವಾಗ ಎಲ್ಲರ ಕಣ್ಣು ಅಳತೆಯ ಮೇಲೆ ಬೀಳುತ್ತದೆ. ನೋಡಬೇಕಾದದ್ದು ನಿದ್ದೆಯ ಕರೆಂಟನ್ನು. 1 ಮಿಲಿಆಂಪಿಯರ್, 10 ಮಿಲಿಸೆಕೆಂಡಿನ ಅಳತೆಯನ್ನು 10 ನಿಮಿಷಕ್ಕೊಮ್ಮೆ ಮಾಡಿದರೆ ಸರಾಸರಿ 0.017 ಮೈಕ್ರೋಆಂಪಿಯರ್. ಚಿಪ್ ನಿದ್ದೆಯಲ್ಲಿ ಎಳೆಯುವುದು 2 ಎಂದಿಟ್ಟುಕೊಂಡರೆ ಅಳತೆಯ ಖರ್ಚು ನೂರನೆಯ ಒಂದು ಪಾಲೂ ಆಗಲಿಲ್ಲ. 10 ನಿಮಿಷವನ್ನು 30 ಮಾಡಿದರೆ ಆಯುಷ್ಯ ಬೆಳೆಯುವುದಿಲ್ಲ, ಮಾಹಿತಿ ಮಾತ್ರ ಕಳೆದುಹೋಗುತ್ತದೆ. ಸೆಕೆಂಡಿಗೊಮ್ಮೆ ಅಳೆಯುವಾಗ ಮಾತ್ರ ಚಿತ್ರ ತಿರುಗುತ್ತದೆ: ಆಗ ಅಳತೆಗೇ 10 ಮೈಕ್ರೋಆಂಪಿಯರ್.

ಅದೇ 2 ಮೈಕ್ರೋಆಂಪಿಯರಿಗೆ 220 ಮಿಲಿಆಂಪಿಯರ್-ಗಂಟೆಯ ಸಿಆರ್2032 ಸೆಲ್ ಕಾಗದದ ಮೇಲೆ ಹನ್ನೆರಡೂವರೆ ವರ್ಷ. ಲೇಬಲ್ಲಿನಷ್ಟು ತೆಳುವಾದ 15 ಮಿಲಿಆಂಪಿಯರ್-ಗಂಟೆಯ ಮುದ್ರಿತ ಬ್ಯಾಟರಿಯಾದರೆ ಸುಮಾರು 10 ತಿಂಗಳು, ಗೋದಾಮಿನಲ್ಲಿ ಕೂತ ಕಾಲವೂ ಅದರಲ್ಲೇ ಸೇರಿತು. ಹಾಗಾಗಿ ಮುದ್ರಿತ ಬ್ಯಾಟರಿಯ ಟ್ಯಾಗ್ ಕೊಳ್ಳುವಾಗ ಬಳಕೆಗೆ ಮುನ್ನ ಅದನ್ನು ಪೂರ್ತಿ ಆಫ್ ಆಗಿ ಇಡುವ ಸ್ಥಿತಿ ಇದೆಯೇ ಎಂದು ಕೇಳಿ.

ಇನ್ನೊಂದು ಕಾಣದ ಕಳ್ಳ ಇದೆ. ಬ್ಯಾಟರಿ ಟ್ಯಾಗಿನ ಕಿವಿ ಚುರುಕು, ಅದಕ್ಕೆ ರೀಡರ್ ಯಾವುದು, 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುವ ಫೋನ್ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಎಚ್ಚರವಾಗಿ, ಆಜ್ಞೆಗೆ ಕಾದು, ಮತ್ತೆ ಮಲಗುತ್ತದೆ. ಸದಾ ಚಾಲೂ ಇರುವ ರೀಡರಿನ ಬಳಿ ಸರಕು ವಾರಗಟ್ಟಲೆ ನಿಂತರೆ ಇದೇ ಕತೆ. ಕಿವಿಯನ್ನು ಬಿಟ್ಟುಬಿಟ್ಟು ತೆರೆಯುವ ವ್ಯವಸ್ಥೆ ಚಿಪ್ಪಿನಲ್ಲಿದ್ದರೆ ಅದನ್ನು ಬಳಸಿ, ಕೆಲಸವಿಲ್ಲದ ರೀಡರನ್ನು ಆರಿಸಿಡಿ.

ಚಳಿಯಲ್ಲಿ ನಾಣ್ಯ ಸೆಲ್ಲಿನ ಒಳಪ್ರತಿರೋಧ ಏರುತ್ತದೆ. −20 ಡಿಗ್ರಿಯಲ್ಲಿ ಹೊರಗಿನ ಸೆನ್ಸರ್ ಒಮ್ಮೆಲೇ ಕೆಲವು ಮಿಲಿಆಂಪಿಯರ್ ಎಳೆದರೆ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗಿ, ಗಡಿಯಾರ ಸೊನ್ನೆಗೆ ಬರುತ್ತದೆ. ಸೆಲ್ಲಿಗೆ ಸಮಾಂತರವಾಗಿ 47 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿದರೆ ಈ ಹೊಡೆತ ತಡೆಯುತ್ತದೆ. ಗಡಿಯಾರದ ಬಗ್ಗೆಯೂ ಕೇಳಿ ತಿಳಿಯಿರಿ. ಹರಳಿನ ಗಡಿಯಾರ 20 ಪಿಪಿಎಂನದಾದರೆ (ಹತ್ತು ಲಕ್ಷಕ್ಕೆ 20 ಪಾಲು ತಪ್ಪುವಂಥದ್ದಾದರೆ) ದಿನಕ್ಕೆ 1.7 ಸೆಕೆಂಡು ತಪ್ಪಬಹುದು. ಹರಳಿನ ಬದಲು ಚಿಪ್ಪಿನೊಳಗೇ ಇರುವ ಆರ್‌ಸಿ ಆಂದೋಲಕ ಶೇ. 2 ತಪ್ಪಿದರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ. ಹತ್ತು ದಿನದ ಪ್ರಯಾಣದಲ್ಲಿ ಅದು ಸುಮಾರು ಐದು ಗಂಟೆಯಾಗುತ್ತದೆ, ಸರಕು ಬಿಸಿಯಾದದ್ದು ಯಾರ ಕೈಯಲ್ಲಿದ್ದಾಗ ಎಂಬ ತಕರಾರಿಗೆ ಉತ್ತರವೇ ಇಲ್ಲದಂತಾಗುತ್ತದೆ. ಹೊರಡುವಾಗ, ತಲುಪಿದಾಗ ಎರಡೂ ಕಡೆ ರೀಡರಿನ ಸಮಯವನ್ನು ದಾಖಲಿಸಿಕೊಂಡು ನಡುವಿನ ದಾಖಲೆಗಳನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿದರೆ ತಪ್ಪಿನ ಬಹುಪಾಲು ಹೋಗುತ್ತದೆ.

ಅಂಟಿಸುವ ಜಾಗ

ಸಾಮಾನ್ಯ ಲೇಬಲ್ ಟ್ಯಾಗನ್ನು ಲೋಹದ ಮೇಲೆ ನೇರ ಅಂಟಿಸಿದರೆ ಅದು ಸತ್ತಂತೆಯೇ, ಬ್ಯಾಟರಿ ಇದ್ದರೂ ಅಷ್ಟೇ, ಏಕೆಂದರೆ ಕೆಡುವುದು ಆಂಟೆನಾ. ಲೋಹಕ್ಕೆಂದೇ ಮಾಡಿದ ಟ್ಯಾಗ್ ತನ್ನಿ. ಕಾಂಕ್ರೀಟಿನೊಳಗೆ ಹುಗಿಯುವ ಟ್ಯಾಗ್ ಮೇಲ್ಮೈಯಿಂದ ಕೆಲವು ಸೆಂಟಿಮೀಟರಿಗಿಂತ ಆಳ ಹೋಗಬಾರದು, ಕಂಬಿಯಿಂದ ದೂರವಿರಬೇಕು. ಹಸಿ ಕಾಂಕ್ರೀಟ್ ತರಂಗವನ್ನು ನುಂಗುತ್ತದೆ, ಮೊದಲ ದಿನಗಳ ಓದಿಗೆ ಆಂಟೆನಾವನ್ನು ಮೈಗೆ ತಾಗುವಷ್ಟು ಹತ್ತಿರ ಹಿಡಿಯಬೇಕಾಗುತ್ತದೆ, ಒಣಗುತ್ತಾ ಹೋದಂತೆ ದೂರ ಹೆಚ್ಚುತ್ತದೆ. ಒದ್ದೆ ಮಣ್ಣಿನಲ್ಲೂ ಹಾಗೆಯೇ: ಸೆನ್ಸರ್ ಕೆಳಗಿರಲಿ, ಆಂಟೆನಾ ಮಣ್ಣಿನ ಮೇಲೆ ನಿಲ್ಲಲಿ.

ಎಲ್ಲ ಅಂಟಿಸಿ ಆದಮೇಲೆ ಪ್ರತಿ ಟ್ಯಾಗಿನ ಉಳಿತಾಯ, ಅಂದರೆ ಬೇಕಾದ್ದಕ್ಕಿಂತ ಎಷ್ಟು ಶಕ್ತಿ ಮಿಗುತ್ತದೆ ಎಂಬುದನ್ನು ಅಳೆಯಿರಿ. ರೀಡರಿನ ಶಕ್ತಿಯನ್ನು 30 ಡಿಬಿಎಂನಿಂದ 1 ಡಿಬಿಯಂತೆ ಇಳಿಸುತ್ತಾ ಹೋಗಿ, ಗುರುತಿನ ಸಂಖ್ಯೆ ಎಲ್ಲಿ ನಿಂತಿತು, ಸೆನ್ಸರ್ ಓದು ಎಲ್ಲಿ ನಿಂತಿತು ಎಂದು ಬೇರೆ ಬೇರೆ ಬರೆದುಕೊಳ್ಳಿ. ಸೆನ್ಸರ್ ಓದು ಮೊದಲೇ ನಿಲ್ಲುವುದು ಸಹಜ. ಅದು 27ಕ್ಕಿಂತ ಮೇಲೆಯೇ ನಿಂತರೆ, ಅಂದರೆ 3 ಡಿಬಿಯೂ ಉಳಿಯದಿದ್ದರೆ, ಬಾಗಿಲು ಮುಚ್ಚಿದಾಗಲೋ ಯಾರಾದರೂ ಎದುರು ನಿಂತಾಗಲೋ ಆ ಟ್ಯಾಗ್ ಕಾಣೆಯಾಗುತ್ತದೆ. ಆಗ ಟ್ಯಾಗನ್ನು 8 ಸೆಂಟಿಮೀಟರ್ (ತರಂಗದ ಉದ್ದದ ಕಾಲು ಭಾಗ) ಆಚೆ ಸರಿಸಿ ಮತ್ತೆ ಅಳೆಯಿರಿ. ಬಾಗಿಲು ಮುಚ್ಚಿಟ್ಟೇ ಅಳೆಯಿರಿ.